ಹೆಂಜೇರಿನ ಕಲ್ಲು, ಮನೆಯೊಳಗಿನ ಪಾಠ

ನಕ್ಷೆಯಲ್ಲಿ ಮಡಕಶಿರಾ ಸೀಮೆಯನ್ನು ನೋಡಿದರೆ ಅದರ ಮೂರು ಕಡೆಯೂ ಕರ್ನಾಟಕವೇ ಕಾಣುತ್ತದೆ. ನೆರೆಯ ಪಾವಗಡದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಕರ್ನಾಟಕದ ತಾಲ್ಲೂಕು, ಬಹುತೇಕ ಸುತ್ತಲೂ ಆಂಧ್ರ. ಗೆರೆ ಎಳೆದವರ ಕೈ ಇಲ್ಲಿ ನಡುಗಿತೇನೋ ಎನ್ನಿಸಬೇಕು, ಹಾಗಿದೆ ಗಡಿ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರ್ಪಟ್ಟು ಆಂಧ್ರ ರಾಜ್ಯವಾಯಿತು. 2022ರಲ್ಲಿ ಪುಟ್ಟಪರ್ತಿ ಕೇಂದ್ರವಾಗಿ ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿತು. ಸೀಮೆಯ ವಿಳಾಸ ಮೂರು ಸಲ ಬದಲಾದರೂ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳ ಮನೆಮಾತು ಬದಲಾಗಲಿಲ್ಲ. ಬಸ್ಸಿನ ಹಲಗೆ ತೆಲುಗಿನಲ್ಲಿರುತ್ತದೆ. ಒಳಗೆ ಕುಳಿತವರು ಮಳೆ, ಕಡಲೆಕಾಯಿ, ರೇಷ್ಮೆಗೂಡಿನ ಧಾರಣೆಗಳನ್ನು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾರೆ.

ಈ ಸೀಮೆಯ ಪಶ್ಚಿಮದ ಅಂಚಿನಲ್ಲಿ, ಶಿರಾ ತಾಲ್ಲೂಕಿಗೆ ಬೆನ್ನು ಹಚ್ಚಿಕೊಂಡಂತೆ, ಹೇಮಾವತಿ ಎಂಬ ಊರಿದೆ. ಹೊಸಬರು ಆ ಹೆಸರು ಕೇಳಿದೊಡನೆ ಹಾಸನದ ಕಡೆಯ ಹೊಳೆಯನ್ನು ನೆನೆಯುತ್ತಾರೆ. ಇಲ್ಲಿ ಹೊಳೆಯಿಲ್ಲ. ಹುಣಸೆ, ಬೇವು, ಬಂಡೆಗುಡ್ಡ, ಹಿಪ್ಪುನೇರಳೆಯ ತೋಟಗಳ ನಡುವಿನ ಸಾಧಾರಣ ಊರಿದು. ಆದರೆ ಸಾವಿರ ವರ್ಷಗಳ ಹಿಂದೆ ಇದು ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಶಾಸನಗಳು ಕರೆಯುವ ನಾಡಿನ ರಾಜಧಾನಿ. ಇಂದಿನ ತುಮಕೂರು, ಚಿತ್ರದುರ್ಗ, ಅನಂತಪುರ, ಕೋಲಾರದ ಭಾಗಗಳನ್ನು ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ, ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿ, ಆಳಿದ ನೊಳಂಬರು ಇಲ್ಲಿ ಅರಮನೆ ಕಟ್ಟಿಕೊಂಡಿದ್ದರು. ಅರಮನೆ ಉಳಿದಿಲ್ಲ, ಗುಡಿಗಳು ಉಳಿದಿವೆ.

ದೊಡ್ಡೇಶ್ವರನ ಗುಡಿಯ ಎದುರು ನಿಂತವರ ಕಣ್ಣು ಮೊದಲು ಹೋಗುವುದು ನಂದಿಯ ಕಡೆಗೆ. ನಿಧಾನವಾಗಿ ನೋಡುವವರದು ಗೋಡೆಯ ಜಾಲಂಧ್ರಗಳ ಕಡೆಗೆ. ಗಾಳಿ ಬೆಳಕಿಗೆಂದು ಕಲ್ಲಿನಲ್ಲಿ ಕೊರೆದ ಕಿಂಡಿಗಳವು. ಆದರೆ ಕೊರೆದವನು ಬಳ್ಳಿಯ ಸುರುಳಿಗಳ ನಡುವೆ ದೇವತೆಗಳನ್ನೂ ಕುಣಿಯುವವರನ್ನೂ ಕೂರಿಸಿದ್ದಾನೆ. ಕಪ್ಪು ಕಲ್ಲಿನ ಕಂಬಗಳ ನಯ ಮುಟ್ಟಿದ ಕೈಗೆ ಮಾತ್ರ ತಿಳಿಯುವಂಥದು. ಸಿದ್ಧೇಶ್ವರನ ಗುಡಿಯಲ್ಲಿ ಪೂಜೆಗೊಳ್ಳುವುದು ಲಿಂಗವಲ್ಲ, ಮಾನವ ರೂಪದಲ್ಲಿ ಕುಳಿತ ಶಿವ. ಜಾತ್ರೆಯ ದಿನ ಬಿಟ್ಟರೆ ಇಲ್ಲಿ ಹೆಚ್ಚು ಜನ ಸೇರುವುದಿಲ್ಲ. ಶಿಲ್ಪವನ್ನು ನೋಡಲೆಂದು ಬೇಲೂರು, ಲೇಪಾಕ್ಷಿಗಳಿಗೆ ಹೋಗುವ ಶಾಲೆಯ ಬಸ್ಸುಗಳು ಹೇಮಾವತಿಯ ಕವಲುದಾರಿಯನ್ನು ದಾಟಿಯೇ ಹೋಗುತ್ತವೆ. ಅದು ಬಸ್ಸಿನವರ ತಪ್ಪಲ್ಲ. ಪುಸ್ತಕದಲ್ಲಿ ಇಲ್ಲದ ಊರಿಗೆ ಯಾವ ಮೇಷ್ಟ್ರು ಮಕ್ಕಳನ್ನು ಕರೆದೊಯ್ಯುತ್ತಾರೆ?

ಪುಸ್ತಕದ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಗಡಿಯ ಈಚೆಗಿನ ಪಠ್ಯದಲ್ಲಿ ಶಾತವಾಹನರೂ ಕಾಕತೀಯರೂ ಇದ್ದಾರೆ. ಆಚೆಯದರಲ್ಲಿ ಕದಂಬರು, ಗಂಗರು, ರಾಷ್ಟ್ರಕೂಟರು, ಹೊಯ್ಸಳರು. ನೊಳಂಬರು ದೊಡ್ಡವರ ಸಾಮಂತರು. ಸಾಮಂತರ ಪಾಲಿಗೆ ಬರುವುದು ಒಂದೋ ಎರಡೋ ಸಾಲು. ಅವರ ರಾಜಧಾನಿ ಆಂಧ್ರದಲ್ಲಿದೆ, ಭಾಷೆ ಕನ್ನಡದ್ದು. ಹೀಗಾಗಿ ಇತ್ತಲವರಿಗೆ ಅವರು ಹೊರಗಿನವರು, ಅತ್ತಲವರಿಗೆ ದೂರದವರು. ಮಡಕಶಿರಾದ ಕನ್ನಡ ಶಾಲೆಯಲ್ಲಿ ಕುಳಿತ ಮಗುವಿನದೂ ಹೆಚ್ಚುಕಡಿಮೆ ಇದೇ ಸ್ಥಿತಿ.

ಅಮರಾಪುರದ ಸಮೀಪದ ಹಳ್ಳಿಯೊಂದರ ಗೃಹಿಣಿಗೆ ಈ ಸಂಗತಿ ಹೊಳೆದದ್ದು ಮೂವತ್ತು ದಾಟಿದ ಮೇಲೆ, ಅದೂ ಅಂಚೆಯಲ್ಲಿ ಬಂದ ಪುಸ್ತಕದಿಂದ. ಹತ್ತನೇ ತರಗತಿಯವರೆಗೆ ಆಕೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಲ್ಲಿಂದ ಮುಂದೆ ಈ ಸೀಮೆಯಲ್ಲಿ ಕನ್ನಡದ ದಾರಿ ಕಿರಿದಾಗುತ್ತದೆ. ಇಂಟರ್ಮೀಡಿಯೆಟನ್ನು ತೆಲುಗಿನಲ್ಲಿ ಓದಿದಳು. ಪಾಠಕ್ಕಿಂತ ಪಾಠದ ಭಾಷೆಯೊಡನೆ ಹೆಣಗಿದ್ದೇ ಹೆಚ್ಚು. ಪಾಸಾದಳು, ಮದುವೆಯಾಯಿತು, ಗಂಡನ ಮನೆಯ ರೇಷ್ಮೆಹುಳುವಿನ ಮನೆ ಆಕೆಯ ಕೈಗೆ ಬಂತು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಬಿ.ಎ.ಗೆ ಹೆಸರು ಹಚ್ಚಿದಳು. ಅದು ಮುಗಿದ ಮೇಲೆ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ಎಂ.ಎ. ಎರಡೂ ಮನೆಯಲ್ಲೇ ಕುಳಿತು.

ಮನೆಯಲ್ಲೇ ಕುಳಿತು ಓದುವ ಕ್ರಮ ಕನ್ನಡಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿಯೇ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. ಹಳ್ಳಿಯ ಶಿಕ್ಷಕರು, ಗುಮಾಸ್ತರು, ಬಸ್ಸಿನ ಕಂಡಕ್ಟರುಗಳು ಪದವೀಧರರಾದದ್ದು ಇಂಥ ದಾರಿಯಿಂದ. ಆ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದಕ್ಕೂ ಮುಂಚೆ, 1985ರಲ್ಲಿ, ಇಡೀ ದೇಶಕ್ಕೆ ಸೇರಿದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತ್ತು. ಅದರ ಇತಿಹಾಸದ ಪಾಠಗಳು ಅಚ್ಚುಕಟ್ಟಾಗಿವೆ, ಈ-ಜ್ಞಾನಕೋಶದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಆದರೆ ಅವು ಹೆಚ್ಚಾಗಿ ಇಂಗ್ಲಿಷು ಹಿಂದಿಗಳಲ್ಲಿವೆ. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬೇಕೆಂದರೆ ಮೈಸೂರಿನ ಕಡೆಗೇ ತಿರುಗಬೇಕು. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೊಂದು ತನ್ನ ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರ ತೆರೆಯುವಂತಿಲ್ಲ ಎಂಬುದು ಯುಜಿಸಿಯ ನಿಯಮ. ಆದ್ದರಿಂದ ಗಡಿಯ ಈಚೆಗಿನ ವಿದ್ಯಾರ್ಥಿಗೆ ಪಾಠ ಮನೆಗೆ ಬಂದರೂ, ಸಂಪರ್ಕ ತರಗತಿಗೂ ಪರೀಕ್ಷೆಗೂ ಬಸ್ಸು ಹತ್ತಿ ಗಡಿ ದಾಟಬೇಕಾಗುತ್ತದೆ. ಆಕೆ ದಾಟುತ್ತಾಳೆ. ಬುತ್ತಿಯ ಡಬ್ಬಿ, ನೀರಿನ ಬಾಟಲಿ, ಮೊಬೈಲಿಗೆ ಒಂದು ಚಾರ್ಜರು. ಬೆಳಗಿನ ಮೊದಲ ಬಸ್ಸು.

ಓದಿಗೆ ಹೊತ್ತು ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಆಕೆಗೆ ಹೊತ್ತು ಕೊಡುವುದು ಹುಳುಗಳೇ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ಒಂದು ದಿನದ ಮಟ್ಟಿಗೆ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗಾಡದೆ ಇರುತ್ತದೆ. ಆ ಒಂದು ದಿನವೇ ಘಟಕ ಓದುವ ದಿನ. ನಾಲ್ಕನೆಯ ಜ್ವರ ಕಳೆದ ಮೇಲೆ ಹುಳುವಿನ ಹಸಿವು ಮನೆಯವರ ನಿದ್ದೆಯನ್ನೂ ತಿನ್ನುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತಿ, ಗೂಡು ಹಿಂದೂಪುರದ ಮಾರುಕಟ್ಟೆ ಸೇರುವ ತನಕ ಪುಸ್ತಕ ಅಟ್ಟದ ಮೇಲೆ. ಹೀಗೆ ಬಿಟ್ಟು ಬಿಟ್ಟು ಓದುವವರಿಗೆ ಮುಕ್ತ ವಿಶ್ವವಿದ್ಯಾನಿಲಯದ ಪುಸ್ತಕದ ಕಟ್ಟು ಒಗ್ಗುತ್ತದೆ. ಅದು ಮೇಷ್ಟ್ರಿಲ್ಲದೆ ಓದುವವರಿಗಾಗಿಯೇ ಬರೆದದ್ದು. ಚಿಕ್ಕ ಘಟಕಗಳು, ಪ್ರತಿ ಘಟಕದ ತುದಿಯಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು.

"ಈ ವಯಸ್ಸಲ್ಲಿ ಪರೀಕ್ಷೆ ಬರೆದು ಯಾವ ಆಫೀಸಿಗೆ ಹೋಗ್ಬೇಕಮ್ಮ ನೀನು?" ಎಂದು ಅತ್ತೆ ಕೇಳಿದ್ದುಂಟು. ಕೇಳುವುದರಲ್ಲಿ ಕೊಂಕಿರಲಿಲ್ಲ, ನಿಜವಾದ ಬೆರಗಿತ್ತು. ಸೊಸೆಗೂ ಉತ್ತರ ಗೊತ್ತಿರಲಿಲ್ಲ.

ಉತ್ತರದ ತುದಿ ಸಿಕ್ಕಿದ್ದು ಶಾಸನಗಳ ಪಾಠದಲ್ಲಿ. ಕನ್ನಡನಾಡಿನ ಸಾಮಂತ ಮನೆತನಗಳ ಪಟ್ಟಿಯಲ್ಲಿ ನೊಳಂಬರ ಹೆಸರು, ಅದರ ಮುಂದೆ ಹೆಂಜೇರು ಎಂಬ ಪದ. ಊರೂರಿಗೆ ಓಡಾಡುವ ಬಸ್ಸಿನಲ್ಲಿ ದಿನವೂ ಕೇಳುವ ಹೇಮಾವತಿಯೇ ಅದೆಂದು ತಿಳಿದಾಗ ಆಕೆ ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಹತ್ತು ವರ್ಷ ಶಾಲೆಯಲ್ಲಿ ಓದಿಯೂ ಒಬ್ಬರೂ ಹೇಳಿರಲಿಲ್ಲ. ಹೇಳಬೇಕಾದವರಿಗೂ ಯಾರೂ ಹೇಳಿರಲಿಲ್ಲವೆನ್ನಿ.

ಅಲ್ಲಿಂದ ಮುಂದಿನ ಹುಡುಕಾಟ ಮೊಬೈಲಿನಲ್ಲಿ ನಡೆಯಿತು. ದಕ್ಷಿಣ ಭಾರತದ ಶಾಸನಗಳ ಸಂಪುಟಮಾಲೆಯಲ್ಲಿ ಒಂಬತ್ತನೆಯ ಸಂಪುಟದ ಮೊದಲ ಭಾಗ ಮದರಾಸು ಪ್ರಾಂತದ ಕನ್ನಡ ಶಾಸನಗಳಿಗೆ ಮೀಸಲಾದದ್ದು, 1939ರಲ್ಲಿ ಅಚ್ಚಾಯಿತು. ಸಂಪಾದಕರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓಲೆಗರಿಗಳ ನಡುವಿನಿಂದ ಎತ್ತಿ 1909ರಲ್ಲಿ ಲೋಕಕ್ಕೆ ಕೊಟ್ಟ ಶಾಮಶಾಸ್ತ್ರಿಗಳೇ ಇವರು. ಮಡಕಶಿರಾ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಈ ಸೀಮೆಯ ಕಲ್ಲುಗಳು ಆ ಸಂಪುಟದ ಪಾಲಿಗೆ ಬಂದವು. ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿವೆ, ಅವನ್ನು ಬಿಡಿಸಿಕೊಳ್ಳಲು ಆಕೆಗೆ ನಿಘಂಟು ಬೇಕಾಯಿತು. ಆದರೆ ಶಾಸನದ ಪಾಠವಿರುವುದು ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಪುಸ್ತಕದ ನಡುವೆ ಸಾಲುಸಾಲಾಗಿ ಕನ್ನಡ ಕಂಡಾಗ, ತನ್ನೂರಿನವರು ಯಾರೋ ದೂರದ ಪಟ್ಟಣದಲ್ಲಿ ಎದುರಾದಂತಾಯಿತು ಎಂದು ಮಗಳಿಗೆ ಹೇಳಿದಳು. ಗಡಿಯ ಆಚೆಗಿನ ಕಲ್ಲುಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟದಲ್ಲಿ 1904ರಲ್ಲಿ ಅಚ್ಚು ಹಾಕಿಸಿದ್ದರು. ರೈಸರು ವೃತ್ತಿಯಿಂದ ವಿದ್ಯಾ ಇಲಾಖೆಯವರು. ಶಾಲೆಗಳ ತಪಾಸಣೆಗೆಂದು ಊರೂರು ಸುತ್ತುವಾಗ ಕಲ್ಲುಗಳು ಕಣ್ಣಿಗೆ ಬಿದ್ದವು. ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್; ಗುತ್ತಿಯ ಸಮೀಪದ ಎರ್ರಗುಡಿಯಲ್ಲಿ 1929ರಲ್ಲಿ ಕಂಡವರು ಭೂವಿಜ್ಞಾನಿ ಅನು ಘೋಷ್. ಈ ಶಾಸ್ತ್ರದ ಹೊಸ್ತಿಲಲ್ಲಿ ಕಾಲೇಜಿನ ಪದವಿಗಿಂತ ಮೊದಲು ತಿರುಗುವ ಕಾಲು, ನೋಡುವ ಕಣ್ಣು ಇದ್ದವೆಂಬುದು ಮನೆಯಲ್ಲಿ ಓದುವವರಿಗೆ ಸಮಾಧಾನದ ಸಂಗತಿ.

ಹೇಮಾವತಿಯ ಸ್ತಂಭಶಾಸನ ನೊಳಂಬರ ವಂಶಾವಳಿಯನ್ನು ಹೇಳುತ್ತದೆ. ಕಂಚಿಯ ಒಡೆಯರಾದ ಪಲ್ಲವರಿಂದ ತಮ್ಮ ಹುಟ್ಟೆಂದು ಅವರು ಹೇಳಿಕೊಳ್ಳುತ್ತಾರೆ; ತ್ರಿನಯನ ಪಲ್ಲವನಿಂದ ಆರಂಭಿಸಿ ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪ, ಅವನ ಮಕ್ಕಳಾದ ಅಣ್ಣಿಗ ಮತ್ತು ದಿಲೀಪ. ಪಟ್ಟಿಯಾಗಿ ಓದಿದರೆ ಬೇಸರ. ಆದರೆ ಇತರ ಶಾಸನಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಅದೇ ಪಟ್ಟಿ ಕಥೆಯಾಗುತ್ತದೆ. ಪೊಳಲ್ಚೋರನ ಹೆಂಡತಿ ಜಾಯಬ್ಬೆ ಗಂಗರ ಮನೆಯ ಮಗಳು. ಅವಳ ಮಗ ಮಹೇಂದ್ರ ನೊಳಂಬರ ಬಲವನ್ನು ತೆಂಕಣಕ್ಕೆ ಧರ್ಮಪುರಿಯವರೆಗೆ ಒಯ್ದ. ಕೊನೆಗೆ ತಾಯಿಯ ತವರಿನವನೇ ಆದ ಗಂಗ ಎರೆಯಪ್ಪನ ಕೈಯಲ್ಲಿ ಸತ್ತ. ಎರೆಯಪ್ಪ ಮಹೇಂದ್ರಾಂತಕನೆಂದು ಬಿರುದು ಧರಿಸಿದ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಗರ ಮಾರಸಿಂಹ ನೊಳಂಬಕುಲಾಂತಕನೆನಿಸಿಕೊಂಡ. ಕುಲ ಅಂತ್ಯವಾಗಲಿಲ್ಲ, ಚಾಲುಕ್ಯರ ಆಶ್ರಯದಲ್ಲಿ ಇನ್ನೂ ಕೆಲಕಾಲ ಬದುಕಿತು. ಬಿರುದು ಬರೆಯಿಸಿದವರನ್ನು ಪೂರ್ತಿ ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಶಾಸನದ ಪೀಠಿಕೆಯನ್ನೂ ದಾನದ ಭಾಗವನ್ನೂ ಬೇರೆಬೇರೆಯಾಗಿ ತೂಗಬೇಕು. ಹೊಗಳಿಕೆ ರಾಜನದು, ಗದ್ದೆಯ ಅಳತೆ ಊರಿನದು ಎಂದು ಮನೆಪಾಠ ಕಲಿಸಿದ್ದು ಇಲ್ಲಿ ಹೊಂದಿಕೊಂಡಿತು.

ಈ ಮನೆತನದ ವಸ್ತುಗಳು ಎಲ್ಲೆಲ್ಲಿಗೆ ಚದುರಿವೆಯೆಂದು ಹುಡುಕಿದರೆ ನೊಳಂಬವಾಡಿಗಿಂತ ದೊಡ್ಡ ನಕ್ಷೆ ಬೇಕಾಗುತ್ತದೆ. ಕಾವೇರಿಯ ದಡದ ತಿರುವೈಯಾರಿನ ಗುಡಿಯಲ್ಲಿ ನೊಳಂಬ ಕಂಬಗಳು ನಿಂತಿವೆ. ಚೋಳರು ಗೆಲುವಿನ ಗುರುತಾಗಿ ಈ ನಾಡಿನಿಂದ ಸಾಗಿಸಿದವೆಂದು ವಿದ್ವಾಂಸರ ಮತ. ಕಂಬಗಳನ್ನು ಅಷ್ಟು ದೂರ ಗಾಡಿಯ ಮೇಲೆ ಹೊರಿಸಿಕೊಂಡು ಹೋಗಬೇಕೆಂದರೆ, ಒಯ್ದವರಿಗೂ ಅವುಗಳ ಚೆಲುವು ಕಂಡಿತ್ತೆಂದೇ ಅರ್ಥ. ಹೇಮಾವತಿಯ ಕೆಲವು ಉತ್ತಮ ವಿಗ್ರಹಗಳು ಬ್ರಿಟಿಷರ ಕಾಲದಿಂದ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ; ಅವುಗಳ ಮೇಲೆ ಸಿ. ಶಿವರಾಮಮೂರ್ತಿಯವರು ಬರೆದ ಪುಸ್ತಕ 1964ರಲ್ಲಿ ಹೊರಬಂತು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರದಲ್ಲಿ ನೊಳಂಬ ಕಾಲದ ಭುವನೇಶ್ವರಿ ಇದೆ, ನಡುವೆ ಕುಣಿಯುವ ಶಿವ. ಹೆಸರು ಮಾತ್ರ ನೊಣಬ ಎಂಬ ರೂಪದಲ್ಲಿ ತುಮಕೂರು ಸೀಮೆಯ ಒಕ್ಕಲು ಜನರ ನಡುವೆ ಇಂದಿಗೂ ನಡೆದಾಡುತ್ತಿದೆ. ಕಾಲೇಜಿನ ವಿದ್ಯಾರ್ಥಿಗೆ ಪ್ರವಾಸವಿರುತ್ತದೆ. ಮನೆಯ ವಿದ್ಯಾರ್ಥಿಗೆ ಚಿತ್ರಗಳೇ ಪ್ರವಾಸ. ಆಕೆ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಯಾವ ಕಲ್ಲು ಎಲ್ಲಿ ಎಂದು ಬರೆಯತೊಡಗಿದಳು. ಗೂಡಿನ ತೂಕ ಒಂದು ಪುಟದಲ್ಲಿ, ಕಂಬಗಳ ಪಟ್ಟಿ ಎದುರು ಪುಟದಲ್ಲಿ.

ಒಂದು ಭಾನುವಾರ ತಾಯಿ ಮಗಳು ಇಬ್ಬರೂ ಹೇಮಾವತಿಗೆ ಹೋದರು. ಮಗಳು ಎಂಟನೇ ತರಗತಿ, ಕನ್ನಡ ಮಾಧ್ಯಮ. ಬೆಳಗಿನ ಬಿಸಿಲು ಇನ್ನೂ ಓರೆಯಾಗಿತ್ತು. ಶಾಸನ ಓದಲು ಅದೇ ಒಳ್ಳೆಯ ಹೊತ್ತು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅಕ್ಷರದ ಕೊರೆತಕ್ಕೆ ನೆರಳು ಬೀಳುವುದಿಲ್ಲ, ಕಲ್ಲು ಬೋಳಾಗಿ ಕಾಣುತ್ತದೆ. ಮೋಡವಿದ್ದರೆ ಪಕ್ಕದಿಂದ ಟಾರ್ಚು ಹಿಡಿಯಬಹುದು. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು, ಮೊಳೆಯಿಂದ ಅಕ್ಷರ ಕೆದಕುವುದು ಕೂಡದು. ತೇವದ ಕಾಗದ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯುವ ವಿಧಾನ ಪುಸ್ತಕದಲ್ಲಿದೆ, ಆದರೆ ಸಂರಕ್ಷಿತ ಸ್ಮಾರಕದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಅದಕ್ಕೆ ಕೈಹಾಕುವಂತಿಲ್ಲ. ನೋಡಿ ಬರೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

"ಅಮ್ಮಾ, ಇದು ತೆಲುಗಾ, ಕನ್ನಡಾನಾ?"

"ಆಗ ಎರಡಕ್ಕೂ ಲಿಪಿ ಒಂದೇ ಥರ ಇತ್ತು ಕಣೇ. ಭಾಷೆ ಕನ್ನಡ."

ಮಗಳು ನಂಬದೆ ನೋಡಿದಳು. ಶಾಲೆಯಲ್ಲಿ ಅವಳು ಎರಡು ಬೇರೆ ಬೇರೆ ಅಕ್ಷರಮಾಲೆ ಕಲಿತವಳು. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಬಂದು, ವಿಜಯನಗರದ ಕಾಲದ ಸುಮಾರಿಗೆ ಸ್ಪಷ್ಟವಾಗಿ ಬೇರೆಯಾದವು. ಈ ಕಲ್ಲುಗಳು ಅದಕ್ಕೂ ಹಿಂದಿನವು. ಹ್ರಸ್ವ ದೀರ್ಘ ಎಕಾರ ಒಕಾರಗಳಿಗೆ ಇಲ್ಲಿ ಬೇರೆ ಗುರುತಿಲ್ಲ, ಅರ್ಥ ನೋಡಿ ಉಚ್ಚರಿಸಬೇಕು. ಈಗಿನ ವರ್ಣಮಾಲೆಯಿಂದ ಬಿದ್ದುಹೋದ ಱ, ೞ ಇಲ್ಲಿ ಬದುಕಿವೆ. ಊರಿನ ಹೆಸರೇ ಒಂದು ಪಾಠ: ಶಾಸನಗಳಲ್ಲಿ ಪೆಂಜೆಱು ಎಂದೂ ಇದೆ, ಹೆಂಜೆಱು ಎಂದೂ ಇದೆ. ಹಳಗನ್ನಡದ ಪಕಾರ ಹಕಾರವಾಗುತ್ತಿದ್ದ ಕಾಲವದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಬೆಂಗಳೂರಿನ ಮಗುವಿಗೆ ಇದನ್ನು ಬಾಯಿಪಾಠ ಮಾಡಿಸಬೇಕು. ಮಡಕಶಿರಾದ ಮಗುವಿಗೆ ಬೇಕಿಲ್ಲ. ಪಕ್ಕದ ಮನೆಯ ತೆಲುಗಿನವರು ದಿನವೂ ಹಾಲಿಗೆ ಪಾಲು ಎನ್ನುತ್ತಾರೆ, ಹುಲಿಗೆ ಪುಲಿ ಎನ್ನುತ್ತಾರೆ. ಎರ‍ಡು ಭಾಷೆಗಳ ನಡುವೆ ಸಿಕ್ಕಿಕೊಂಡ ಮಕ್ಕಳೆಂದು ಗಡಿಯ ಶಾಲೆಗಳ ಬಗ್ಗೆ ಮರುಗುವವರು ಈ ಒಂದು ಅನುಕೂಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಸನದ ಮೊದಲ ಪದ ಸ್ವಸ್ತಿ ಎಂದು ತಿಳಿದ ಮೇಲೆ ಹುಡುಗಿ ಅದನ್ನು ಹುಡುಕಿ ಹಿಡಿದಳು. ಆಮೇಲೆ ಶ್ರೀ, ಆಮೇಲೆ ನೊಳಂಬ.

ಗುಡಿಯ ಆವರಣದ ಕಲ್ಲುಗಳಿಗೆ ಕಾವಲಿದೆ. 1958ರ ಕಾಯಿದೆಯ ರಕ್ಷಣೆಯಿದೆ. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಆತಂಕವಿರುವುದು ಹೊರಗಿನ ಕಲ್ಲುಗಳಿಗೆ. ಕೆರೆಯ ಏರಿ, ಹೊಲದ ಬದು, ಹಳೆಯ ಬಾವಿಯ ಮೆಟ್ಟಿಲು, ಅಗಸರ ಬಂಡೆ — ವೀರಗಲ್ಲು ಮಾಸ್ತಿಗಲ್ಲುಗಳು ಎಲ್ಲೆಂದರಲ್ಲಿ ನಿಂತಿವೆ, ಬಿದ್ದಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಇವನ್ನು ಓದದವರು ದೇವರೆನ್ನುತ್ತಾರೆ, ಇಲ್ಲವೇ ಚಪ್ಪಡಿಯೆನ್ನುತ್ತಾರೆ. ಚಪ್ಪಡಿಯೆಂದವರ ಕೈಗೆ ಸಿಕ್ಕರೆ ಮೋರಿಗೆ ಹಾಸು.

ಆಕೆಯ ಊರಿನ ಕೆರೆ ಏರಿಯ ಮೇಲೂ ಅಂಥದೊಂದು ಕಲ್ಲಿತ್ತು, ಸೊಂಟದವರೆಗೆ ಹೂತದ್ದು. ಮದುವೆಯಾಗಿ ಬಂದಾಗಿನಿಂದ ಕಂಡಿದ್ದಳು, ನೋಡಿರಲಿಲ್ಲ. ಪಾಠ ಓದಿದ ಮೇಲೆ ಒಂದು ಸಂಜೆ ಮಗಳೊಡನೆ ಹೋಗಿ ಮಣ್ಣು ಸರಿಸಿದಳು. ಮೂರು ಸಾಲು ಅಕ್ಷರ, ಬಹುಪಾಲು ಸವೆದುಹೋಗಿತ್ತು. ಮೊದಲಲ್ಲಿ ಸ್ವಸ್ತಿ. ಎರಡನೆಯ ಸಾಲಿನಲ್ಲಿ ಮಗಳು ಒಂದು ಅಕ್ಷರದ ಮೇಲೆ ಬೆರಳಿಟ್ಟಳು. ಹೇಮಾವತಿಯಲ್ಲಿ ಕಂಡ ಱ ಅದು. ಅದರ ಹಿಂದಿನದು ತು. ತುಱು ಎಂದರೆ ದನ. ತುರುಗಾಹಿ ಎಂಬ ಮಾತಿನಲ್ಲಿ ಇಂದಿಗೂ ಉಳಿದಿದೆ. ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರೊಡನೆ ಕಾದಿ ಸತ್ತವನ ಕಲ್ಲಿರಬೇಕು. ಕೆಳಗಿನ ಪಟ್ಟಿಕೆಯಲ್ಲಿ ಮಣ್ಣಿನಡಿಯಿಂದ ಎರಡು ಹಸುಗಳ ಕೊಂಬು ಕಂಡವು.

ರಾತ್ರಿ ಊಟದ ಹೊತ್ತಿನಲ್ಲಿ ಈ ಮಾತು ಬಂದಾಗ ಅತ್ತೆ ತುತ್ತು ನಿಲ್ಲಿಸಿ ಹೇಳಿದಳು: "ಅದು ದನದಪ್ಪನ ಕಲ್ಲಲ್ವೇನೇ? ನಾನು ಬಂದ ಹೊಸದ್ರಲ್ಲಿ ಸಂಕ್ರಾಂತಿಗೆ ದನಗಳ್ನ ಅದರ ಮುಂದ್ಗಡೆಯಿಂದ್ಲೇ ಹೊಡ್ಕೊಂಡು ಹೋಗ್ತಿದ್ರು. ಕಾಯಿ ಒಡೀತಿದ್ರು. ಟ್ರ್ಯಾಕ್ಟ್ರು ಬಂದ್ಮೇಲೆ ಬಿಟ್ರು."

ಸೊಸೆ ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಅಕ್ಷರ ಸವೆದ ಮೇಲೂ ಕಲ್ಲಿನ ಅರ್ಥವನ್ನು ಊರು ಹೀಗೆ ಬಾಯಲ್ಲಿ ಕಾಪಾಡಿಕೊಂಡಿತ್ತು. ಓದು ಬಾರದ ಅತ್ತೆಯ ಹೇಳಿಕೆ ಕಲ್ಲಿನ ಎರಡು ಅಕ್ಷರಗಳಿಗೆ ಸಾಕ್ಷಿಯಾಗಿ ನಿಂತಿತು. ಈ ಒಣನೆಲದಲ್ಲಿ ದನದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಕಲ್ಯಾಣದುರ್ಗದ ಕಡೆಯ ಪಾಲವಾಯಿಯಲ್ಲಿ, ಬಳ್ಳಾರಿಯ ಸುತ್ತಮುತ್ತ, ನವಶಿಲಾಯುಗದ ಬೂದಿದಿಬ್ಬಗಳಿವೆ. ಹಟ್ಟಿಗಳಲ್ಲಿ ಒಟ್ಟಿದ ಸಗಣಿಯನ್ನು ಸುಟ್ಟು ಆದ ಬೂದಿಯೆಂದು ಅಗೆದು ನೋಡಿದವರು ತೋರಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹಟ್ಟಿಗಳವು. ಪುರಾತತ್ತ್ವದ ಘಟಕದಲ್ಲಿ ಆಕೆಗೆ ಎಲ್ಲಕ್ಕಿಂತ ಬೇಗ ಮನದಟ್ಟಾದದ್ದು ಇದೇ. ತಿಪ್ಪೆಯ ಬೂದಿ ಎಂಥದೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಬೇಸಿಗೆಯಲ್ಲಿ ಕೆರೆ ಏರಿಯ ರಸ್ತೆ ಅಗಲವಾಗತೊಡಗಿತು. ಜೆಸಿಬಿ ಬಂದ ದಿನ ಹುಳು ಮೂರನೆಯ ಜ್ವರಕ್ಕೆ ಕುಳಿತಿದ್ದವು. ಇಲ್ಲದಿದ್ದರೆ ಆಕೆ ಮನೆಯಿಂದ ಹೊರಬೀಳುತ್ತಿರಲಿಲ್ಲ. ಕಲ್ಲು ಆಗಲೇ ಕಿತ್ತು ಒಂದು ಪಕ್ಕಕ್ಕೆ ಬಿದ್ದಿತ್ತು. ಯಂತ್ರದ ಹುಡುಗನಿಗೆ ಶಾಸನ, ನೊಳಂಬ, ಕಾಯಿದೆ ಯಾವುದೂ ತಾಗಲಿಲ್ಲ. "ಇದ್ರಲ್ಲಿ ನಮ್ಮೂರವನೊಬ್ಬ ಸತ್ತಿದ್ದು ಬರೆದೈತಪ್ಪ, ದನ ಬಿಡಿಸಿಕೊಳ್ಳಾಕೆ ಹೋಗಿ" ಎಂದಾಗ ಅವನು ಕೆಳಗಿಳಿದು ಬಂದು ಬಗ್ಗಿ ನೋಡಿದ. ಅಕ್ಷರ ತೋರಿಸೆಂದ. ಮಗಳು ತೋರಿಸಿದಳು. ಸಂಜೆಯ ಹೊತ್ತಿಗೆ ಅದೇ ಯಂತ್ರದ ಬಕೆಟ್ಟಿನಲ್ಲಿ ಕಲ್ಲು ಆಂಜನೇಯನ ಗುಡಿಯ ಮುಂದಿನ ಕಟ್ಟೆಗೆ ಬಂತು. ಆಕೆ ಅಳತೆ ತೆಗೆದು, ಫೋಟೋ ಹಿಡಿದು, ಮೊದಲು ನಿಂತಿದ್ದ ಜಾಗ, ದಿಕ್ಕುಗಳನ್ನು ಗುರುತು ಹಾಕಿ ಪುರಾತತ್ತ್ವ ಇಲಾಖೆಗೂ ತಹಶೀಲ್ದಾರರಿಗೂ ಬರೆದಳು. ಕಲ್ಲು ತನ್ನ ಜಾಗದಿಂದ ಕದಲಿದರೆ ಅದರ ಅರ್ಧ ಸಾಕ್ಷ್ಯ ಹೋದಂತೆ ಎಂದು ಪುಸ್ತಕ ಹೇಳಿತ್ತು. ಮೋರಿಗೆ ಹೋಗಿದ್ದರೆ ಇನ್ನರ್ಧವೂ ಹೋಗುತ್ತಿತ್ತು. ಇದೇ ಮಣ್ಣಿನಡಿ ನಾಣ್ಯವೋ ವಿಗ್ರಹವೋ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕೆಂಬುದನ್ನೂ ಊರವರಿಗೆ ಹೇಳಿದಳು. ಅದನ್ನು ಕೇಳಿ ಕೆಲವರು ನಕ್ಕರು.

ಕಟ್ಟೆಗೆ ಬಂದ ಎರಡನೆಯ ವಾರ ಯಾರೋ ಕಲ್ಲಿಗೆ ಎಣ್ಣೆ ಸವರಿ ಕುಂಕುಮ ಇಟ್ಟರು. ಶನಿವಾರ ಶನಿವಾರ ಎಣ್ಣೆ ಏರುತ್ತಿದೆ. ಸವೆದ ಅಕ್ಷರಗಳ ಕೊರೆತದಲ್ಲಿ ಅದು ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ. ಐದು ವರ್ಷದಲ್ಲಿ ತುಱು ಓದಲು ಸಿಗಲಾರದು. ಬೇಡವೆಂದು ಹೇಳಿದರೆ ದೇವರಿಗೆ ಅಡ್ಡಬಂದವಳಾಗುತ್ತಾಳೆ. ಹೇಳದಿದ್ದರೆ ಕಲ್ಲು ಕುರುಡಾಗುತ್ತದೆ. ಈ ತೊಡಕಿಗೆ ಯಾವ ಘಟಕದಲ್ಲೂ ಮಾದರಿ ಉತ್ತರವಿಲ್ಲ. ಅತ್ತೆಯೇ ಒಂದು ದಾರಿ ಕಂಡುಕೊಂಡಿದ್ದಾಳೆ: ತಾನೇ ಮುಂದೆ ನಿಂತು, ದನದಪ್ಪನಿಗೆ ಎಣ್ಣೆ ಸೇರದು, ಹೂವು ಕಾಯಿ ಸಾಕು ಎಂದು ಹೆಂಗಸರಿಗೆ ಹೇಳತೊಡಗಿದ್ದಾಳೆ. ಕೆಲವರು ಕೇಳುತ್ತಿದ್ದಾರೆ.

ಪರೀಕ್ಷೆಗೆ ಮುಂಚೆ ಕಳುಹಿಸಬೇಕಾದ ಅಸೈನ್‌ಮೆಂಟನ್ನು ಆಕೆ ಕೆರೆ ಏರಿಯ ಕಲ್ಲಿನ ಮೇಲೆಯೇ ಬರೆದಳು. ಎತ್ತರ, ಅಗಲ, ಪಟ್ಟಿಕೆಗಳು, ಉಳಿದ ಅಕ್ಷರಗಳು, ಮೊದಲಿದ್ದ ಜಾಗ, ಈಗಿನ ಜಾಗ, ಅತ್ತೆಯ ಹೇಳಿಕೆ. ಕಾಲ ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಹತ್ತನೆಯ ಶತಮಾನ ಎಂದು ಬರೆಯುವ ಆಸೆ ಇತ್ತು. ರಾಜನ ಹೆಸರಿಲ್ಲ, ಶಕವರ್ಷವಿಲ್ಲ, ಎರಡು ಮೂರು ಅಕ್ಷರಗಳ ಆಕಾರದ ಮೇಲೆ ಶತಮಾನ ಹೇಳಬಾರದು. "ಲಿಪಿ ಬಹಳ ಸವೆದಿರುವುದರಿಂದ ನಿರ್ಧರಿಸಲಾಗಿಲ್ಲ" ಎಂದು ಬರೆದಳು.

"ಮಾರ್ಕ್ಸು ಕಮ್ಮಿ ಬಂದ್ರೆ?" ಎಂದಳು ಮಗಳು.

"ಬರ್ಲಿ ಬಿಡು."

ಹತ್ತು ಗಂಟೆಯ ಸುಮಾರಿಗೆ ಹುಳು ಜ್ವರದಿಂದ ಎದ್ದವು. ಸೊಪ್ಪು ಹಾಕಲು ಆಕೆ ಒಳಗೆ ಹೋದಳು. ಮಗಳು ಅಸೈನ್‌ಮೆಂಟಿನ ಕೊನೆಯ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅಮ್ಮ ಬರೆದಿದ್ದ ತುಱು ಪದದ ಪಕ್ಕದಲ್ಲಿ ಕಲ್ಲಿನ ಮೇಲೆ ಕಂಡಂತೆಯೇ ಆ ಎರಡು ಅಕ್ಷರಗಳನ್ನು ಪೆನ್ಸಿಲಿನಲ್ಲಿ ಬಿಡಿಸಿದಳು.